ಮಳೆಗಾಲದಲ್ಲಿ ಮೆತ್ತಗಾಗದ ರೊಟ್ಟಿ

ತಿಕೋಟಾ
೨೫ ಆಗಸ್ಟ್ ೨೦೨೪

ಆಮ್ರಪಾಲಿ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಈ ಮನೆಯಲ್ಲಿ ಫೋನಿನ ಮಾತು ಅಡುಗೆಮನೆಯಿಂದ ಹಿತ್ತಲವರೆಗೂ ಕೇಳುತ್ತದೆ. ಹಾಸ್ಟೆಲ್ ಬಿಟ್ಟಾಗಿನಿಂದ ನಿನಗೆ ಕಾಗದ ಬರೆದರೇ ನನ್ನ ಹೊಟ್ಟೆಯಲ್ಲಿದ್ದದ್ದು ಹೊರಗೆ ಬರುವುದು. ಅಲ್ಲದೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವಳಿಗೇ ಒಂದು ಕಾಗದ ಬರದಿದ್ದರೆ ನಿನ್ನ ಮರ್ಯಾದೆ ಏನಾಗಬೇಕು?

ಸತೀಶ ಗುಡ್ಡ ಸುತ್ತಿ ಬಂದ. ಈ ಪ್ರವಾಸ ನನ್ನದಾಗಬೇಕಿತ್ತು ಎನ್ನುವುದು ನಿನಗೆ ಗೊತ್ತು. ಮೇ ತಿಂಗಳಲ್ಲೇ ಬುಲೆಟ್ ತೊಳೆದು, ಫೋನಿನಲ್ಲಿ ನಕ್ಷೆ ಹರಡಿಕೊಂಡು ಕೂತಿದ್ದ. ಅಥಣಿ, ಮಿರಜ, ಕೊಲ್ಲಾಪುರ, ಅಲ್ಲಿಂದ ರಾಧಾನಗರಿ, ಗಗನಬಾವಡಾ, ಆಂಬೋಲಿ. "ಅವಸರ ಇಲ್ಲ. ಚಾ ಕಂಡಲ್ಲೆ ನಿಂದ್ರೂದು, ಮಳಿ ಬಂದಲ್ಲೆ ಮಲಗೂದು" ಎಂದಿದ್ದ. ನಾನು ರೇನ್‌ಕೋಟಿನ ಬಣ್ಣದವರೆಗೂ ಯೋಚಿಸಿಬಿಟ್ಟಿದ್ದೆ. ಅತ್ತೆಯ ಒಂದೇ ಮಾತಿಗೆ ಎಲ್ಲ ಮುಗಿಯಿತು. "ಸೊಸಿಯಾದಾಕಿ ಗಾಡಿ ಹಿಂದ ಕುಂತು ಗುಡ್ಡ ತಿರಗಿದ್ರ ಮಂದಿ ಏನಂತಾರ? ಮನಿಗೆ ದೀಪಾ ಯಾರ ಹಚ್ಚಬೇಕು?" ಸತೀಶ ನೆಲ ನೋಡಿದ. ನಾನು ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ.

ಕೊನೆಗೆ ಅವನು ಹೋದದ್ದು ನಿಮ್ಮ ಓಣಿಯ ಫೋಟೊ ಸ್ಟುಡಿಯೊ ಬಾಬುವಿನ ಜೊತೆ. ಆಗಸ್ಟ್ ಹನ್ನೆರಡಕ್ಕೆ ಹೊರಟು ಹದಿನೆಂಟಕ್ಕೆ ಬಂದ. ದ್ರಾಕ್ಷಿ ತೋಟದಲ್ಲಿ ಈಗ ಕೆಲಸ ಕಡಿಮೆ, ಆಳುಗಳೇ ನೋಡಿಕೊಂಡರು. ಅದೇ ವಾರ ಅತ್ತೆಯೂ ಶ್ರಾವಣದ ಪುರಾಣ ಕೇಳಲೆಂದು ಜೈನಾಪುರದ ತಂಗಿಯ ಮನೆಗೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ಶಾಲೆಯಿಂದ ಬಂದು ಕಾಲು ಚಾಚಿ ಕೂತು, ಯಾರೂ ಕೇಳದಿದ್ದರೂ ಎರಡು ಸಲ ಚಹಾ ಮಾಡಿಕೊಂಡು ಕುಡಿದೆ. ಸುಳ್ಳೇಕೆ, ಆ ವಾರ ಚೆನ್ನಾಗಿತ್ತು.

ಬಂದ ಮೇಲೆ ಸತೀಶ ಫೋಟೊ ತೋರಿಸಿದ. ಒಂದರಲ್ಲಿ ಅವನ ತಲೆ ಇಲ್ಲ, ಇನ್ನೊಂದರಲ್ಲಿ ಕಾಲಿಲ್ಲ, ಮೂರರಲ್ಲಿ ಯಾರದೋ ಬೆರಳು ಅಡ್ಡ ಬಂದಿದೆ. "ಬಾಬು ತಗದಾನ" ಎಂದ. ನನ್ನ ರೊಟ್ಟಿಯನ್ನು ಮಾತ್ರ ಬಾಯಿ ತುಂಬ ಹೊಗಳಿದ. ಸಜ್ಜೆಯ ಖಡಕ್ ರೊಟ್ಟಿ ಡಬ್ಬಿ ತುಂಬ ಕಟ್ಟಿ ಕೊಟ್ಟಿದ್ದೆ. "ಕಡೀ ದಿನದ ತನಕಾ ಗರಿಗರಿ ಇದ್ದುವು ನೋಡ" ಎಂದ. ಹೊಗಳಿದಾಗ ಖುಷಿಯಾಯಿತು. ಆಮೇಲೆ ಯಾಕೋ ಮನಸ್ಸಿಗೆ ಏನೋ ಕಿರಿಕಿರಿ. ಏನೆಂದು ತಿಳಿಯುತ್ತಿಲ್ಲ.

ಅತ್ತೆ ಜೈನಾಪುರದಿಂದ ನೆಗಡಿ ಹತ್ತಿಸಿಕೊಂಡು ಬಂದಿದ್ದಾರೆ. ದಿನಕ್ಕೆರಡು ಸಲ ಕಷಾಯ ಕಾಸುವುದು ಸದ್ಯ ನನ್ನ ಕೆಲಸ.

ಗುಡ್ಡ ಕಾಣದ ನಿನ್ನ ಗೆಳತಿ,
ಕಾವ್ಯಾ


ಇಬ್ರಾಹಿಂಪುರ, ವಿಜಯಪುರ
೩೧ ಆಗಸ್ಟ್ ೨೦೨೪

ಕಾವ್ಯಾ ಟೀಚರಿಗೆ,

ನಿನ್ನ ಕಾಗದ ಕಂಡು ನಮ್ಮ ಪೋಸ್ಟ್‌ಮನ್‌ಗೆ ಆನಂದವೋ ಆನಂದ. "ಮೇಡಂ, ಈ ತಿಂಗಳಾಗ ಕೈಲೆ ಬರದ ಕಾಗದ ಇದೊಂದ ಬಂದೈತ್ರಿ" ಎಂದು ಸಿದ್ಧೇಶ್ವರ ಗುಡಿಯ ಪ್ರಸಾದದಂತೆ ಎರಡೂ ಕೈಯಲ್ಲಿ ಕೊಟ್ಟ.

ನಿನ್ನ ಕಿರಿಕಿರಿ ಏನೆಂದು ನಾನು ಹೇಳಲೇ? ರೊಟ್ಟಿ. ನಾನು ಎರಡು ವರ್ಷ ಖಾನಾಪುರದ ಕಾಡಂಚಿನ ಅಂಚೆ ಕಚೇರಿಯಲ್ಲಿ ಇದ್ದವಳು. ಮಳೆಗಾಲದಲ್ಲಿ ಅಲ್ಲಿ ಅಂಚೆಚೀಟಿಗಳೇ ಒಂದಕ್ಕೊಂದು ಅಂಟಿಕೊಂಡು ಕೂರುತ್ತಿದ್ದವು. ಅವ್ವ ಕಳಿಸಿದ ಖಡಕ್ ರೊಟ್ಟಿ ಎರಡನೇ ದಿನಕ್ಕೆ ಒದ್ದೆ ಕರ್ಚೀಫಿನಂತೆ ಮಡಚಲು ಬರುತ್ತಿತ್ತು. ನಮ್ಮ ಕಡೆಯ ಒಣ ಹವೆಯಲ್ಲಿ ರೊಟ್ಟಿ ತಿಂಗಳು ಬಾಳುತ್ತದೆ, ಹಾಗಾಗಿ ನಮ್ಮವರಿಗೆ ಇದು ಗೊತ್ತಾಗುವುದೇ ಇಲ್ಲ. ಆಗಸ್ಟಿನ ಆಂಬೋಲಿಯಲ್ಲಿ ಕಡೆಯ ದಿನದವರೆಗೂ ರೊಟ್ಟಿ ಗರಿಗರಿಯಾಗಿತ್ತು ಎಂದರೆ ನಿನ್ನ ಗಂಡ ಗುಡ್ಡಕ್ಕೆ ಹೋಗಲಿಲ್ಲ. ಇಲ್ಲವೇ ತಿನ್ನದೆ ನಾಯಿಗೆ ಹಾಕಿ ನಿನ್ನನ್ನು ಹೊಗಳಿದ್ದಾನೆ. ಗಂಡಸರಿಗೆ ಎರಡನೆಯದು ಹೆಚ್ಚು ಒಗ್ಗುತ್ತದೆ.

ತಮಾಷೆಗೆ ಬರೆದೆ. ತಲೆ ಕೆಡಿಸಿಕೊಳ್ಳಬೇಡ. ಅತ್ತೆಗೆ ಕಷಾಯದಲ್ಲಿ ಸ್ವಲ್ಪ ಮೆಣಸು ಜಾಸ್ತಿ ಹಾಕು, ನಿನ್ನ ಸಿಟ್ಟೂ ತೀರುತ್ತದೆ.

ನಿನ್ನ,
ಆಮ್ರಪಾಲಿ


ತಿಕೋಟಾ
೧೨ ಸೆಪ್ಟೆಂಬರ್ ೨೦೨೪

ಆಮ್ರಪಾಲಿ,

ತಲೆ ಕೆಡಿಸಿಕೊಳ್ಳಬೇಡ ಎಂದು ಬರೆದು ತಲೆ ಪೂರ್ತಿ ಕೆಡಿಸಿದೆ ನೀನು.

ಗುಡ್ಡಕ್ಕೆ ಹೋದದ್ದು ನಿಜ. ಬುಲೆಟ್ಟಿನ ಮಡ್‌ಗಾರ್ಡಿನ ಒಳಗೆ ಕೆಂಪು ಮಣ್ಣು ಗಟ್ಟಿಯಾಗಿ ಹತ್ತಿತ್ತು, ನಮ್ಮ ಕರಿ ಎರೆಮಣ್ಣಲ್ಲ. ತಲೆಯಿಲ್ಲದ ಫೋಟೊಗಳಲ್ಲಿಯೂ ಕಣಿವೆ, ಮೋಡ ಎಲ್ಲ ಇದೆ. ಹಾಗಾದರೆ ರೊಟ್ಟಿ? ಊಟಕ್ಕೆ ಬಡಿಸುವಾಗ ಸುಮ್ಮನೆ ಕೇಳಿದೆ, "ಅಷ್ಟ ಮಳ್ಯಾಗ ರೊಟ್ಟಿ ಹೆಂಗ ಉಳದುವು?" ಸತೀಶ ತುತ್ತು ನುಂಗಿ, "ಮುಂಜಾನೆ ಒಲಿ ಸುತ್ತ ನಿಲ್ಲಿಸಿ ಬಿಸಿ ಮಾಡ್ತಿದ್ದಿವಿ" ಎಂದ. ಯಾರು ಎಂದೆ. "ಬಾಬು" ಎಂದ. ಆಮೇಲೆ ಇನ್ನೊಂದು ತುತ್ತು ತಿನ್ನಲು ಬಹಳ ಹೊತ್ತು ಹಿಡಿಯಿತು.

ನೀನೇ ಹೇಳು. ಬಾಬುವಿಗೆ ಮಕ್ಕಳನ್ನು ನಗಿಸಿ ಫೋಟೊ ತೆಗೆಯಲು ಬರುತ್ತದೆ. ಒಲೆಯ ಸುತ್ತ ರೊಟ್ಟಿ ನಿಲ್ಲಿಸಿ, ಸುಡದಂತೆ ತಿರುವುವ ಕೈ ಹೆಣ್ಣಿನದು. ಅದೂ ರೊಟ್ಟಿ ತಟ್ಟಿ ಬೆಳೆದ ಹೆಣ್ಣಿನದು. ಗುಡ್ಡದ ಮೇಲಿನ ಅನ್ನ ತಿನ್ನುವ ಜನಕ್ಕೆ ಆ ಉಪಾಯ ಗೊತ್ತಿರಲು ಸಾಧ್ಯವಿಲ್ಲ. ಅಂದರೆ ಅವಳು ನಮ್ಮ ಕಡೆಯವಳು.

ಇಷ್ಟಕ್ಕೇ ಮುಗಿಯಲಿಲ್ಲ. ನಿನ್ನೆ ಗಾಡಿಯ ಚೀಲ ಜಾಡಿಸಿದಾಗ ಹೆಂಗಸರ ರೇನ್‌ಕೋಟು ಸಿಕ್ಕಿತು, ನೇರಳೆ ಬಣ್ಣದ್ದು. "ನಿನಗಂತ ತಂದಿದ್ದೆ, ಕೊಡಾಕ ಮರತೆ" ಎಂದ. ನನಗೆ ತಂದದ್ದಾದರೆ ಅದರ ಅಂಚಿಗೆ ಕೆಸರು ಹತ್ತಿಸಿದವರು ಯಾರು? ಕೇಳಲಿಲ್ಲ. ಕೇಳಿದರೆ ಇನ್ನೊಂದು ಸುಳ್ಳು ಹೇಳುತ್ತಾನೆ, ಅದನ್ನೂ ನಾನು ಹೊರಬೇಕಾಗುತ್ತದೆ. ಮದುವೆಯಾಗಿ ಏಳು ವರ್ಷದಲ್ಲಿ ಅವನ ಮುಖ ನೋಡುತ್ತ ಲೆಕ್ಕ ಹಾಕಿದ್ದು ಇದೇ ಮೊದಲು. ನನಗೆ ಭಯವಾಗುತ್ತಿದೆ.

ಅತ್ತೆಯ ಹತ್ತಿರ ಹೇಳಿಕೊಳ್ಳೋಣ ಎಂದು ಹೋದೆ. ಮಗನ ಹೆಸರು ಎತ್ತುತ್ತಲೇ "ಎಮ್ಮಿಗೆ ನೀರ ತೋರಿಸಿಲ್ಲ ಇನ್ನಾ" ಎಂದು ಎದ್ದು ಹೋದರು. ಅವರಿಗೂ ಏನೋ ಗೊತ್ತಿದೆ. ಮಗನ ತಪ್ಪನ್ನು ತಾಯಿ ಮುಚ್ಚಿಡುತ್ತಿದ್ದಾರೆ.

ಬಾಬು ನಿಮ್ಮ ಓಣಿಯವನು. ಒಂದು ಮಾತು ಕೇಳಿ ನೋಡು. ನನ್ನ ಹೆಸರು ಹೇಳಬೇಡ.

ಕಾವ್ಯಾ


ಇಬ್ರಾಹಿಂಪುರ
೨೧ ಸೆಪ್ಟೆಂಬರ್ ೨೦೨೪

ಪ್ರೀತಿಯ ಕಾವ್ಯಾ,

ಈ ಕಾಗದವನ್ನು ಎರಡು ಸಲ ಬರೆದು ಹರಿದೆ. ನಾನು ಅಂದು ರೊಟ್ಟಿಯ ಮಾತು ಎತ್ತದಿದ್ದರೆ ಚೆನ್ನಾಗಿತ್ತು.

ಬಾಬು ಹೋಗಿಲ್ಲ. ಅವನನ್ನು ಕೇಳುವ ಮೊದಲೇ ನನಗೆ ಹೊಳೆಯಬೇಕಿತ್ತು. ಆಗಸ್ಟ್ ಹದಿನೈದಕ್ಕೆ ನಮ್ಮ ಕಚೇರಿಯ ಧ್ವಜವಂದನೆಯ ಫೋಟೊ ತೆಗೆದವನೇ ಅವನು. ಗೋಡೆಯ ಮೇಲೆ ತೂಗುಹಾಕಿದ್ದಾರೆ, ಎರಡನೇ ಸಾಲಿನಲ್ಲಿ ನಾನಿದ್ದೇನೆ. ಎಲ್ಲರ ತಲೆಯೂ ಇದೆ, ಕಾಲೂ ಇದೆ.

ಸಂಜೆ ಸ್ಟುಡಿಯೊಗೆ ಹೋದೆ. ನಿನ್ನ ಹೆಸರು ಹೇಳದಿದ್ದರೂ ಅವನಿಗೆ ತಿಳಿಯಿತು. ಕ್ಯಾಮೆರಾ ಒರೆಸುತ್ತ, "ಅಕ್ಕಾರ, ನನ್ನ ನಡುವ ತರಬ್ಯಾಡ್ರಿ. ನನ್ನ ಹೆಸರ ಹೇಳ್ತೇನಿ ಅಂದಾ, ದೋಸ್ತ ಅಂತ ಹೂಂ ಅಂದೆ" ಎಂದ. ಜೊತೆಗೆ ಯಾರಿದ್ದರು ಎಂದೆ. "ಅದನ್ನ ಅವನ ಬಾಯ್ಲೆ ಕೇಳ್ರಿ. ಸತ್ಯಾ ಏನಂದ್ರ, ಸತೀಶ ಕೆಟ್ಟ ಕೆಲಸಾ ಮಾಡಿಲ್ಲ" ಎಂದ. ಕೆಟ್ಟದ್ದಲ್ಲದಿದ್ದರೆ ಮುಚ್ಚಿಡುವುದು ಏಕೆ ಎಂದರೆ ಸ್ಟುಡಿಯೊದ ದೀಪ ಆರಿಸತೊಡಗಿದ.

ಕಾವ್ಯಾ, ನಾನು ನಿನ್ನ ಗಂಡನನ್ನು ಬೈಯುವುದಿಲ್ಲ. ನಾಳೆ ನೀವಿಬ್ಬರೂ ಒಂದಾದಾಗ ನನ್ನ ಬೈಗುಳ ಮಾತ್ರ ಉಳಿಯುತ್ತದೆ. ಆದರೆ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಕೋಣೆ ಖಾಲಿ ಇದೆ. ರೈಲಿನ ಸದ್ದು ಬರುತ್ತದೆ, ನೀರು ಎರಡು ದಿನಕ್ಕೊಮ್ಮೆ. ಇಲ್ಲಿಯ ಶಾಲೆಯೊಂದರಲ್ಲಿ ಕನ್ನಡ ಟೀಚರ್ ಬೇಕಾಗಿದೆ ಎಂದೂ ಕೇಳಿದೆ. ದಸರೆ ರಜೆ ಮುಗಿದ ಮೇಲೆ ಸೇರಬಹುದಂತೆ. ಇಷ್ಟು ಹೇಳುವುದು ನನ್ನ ಕೆಲಸ.

ನಿನ್ನ ಕಡೆಯವಳೇ ಆದ,
ಆಮ್ರಪಾಲಿ


ಬಬಲೇಶ್ವರ
೬ ಅಕ್ಟೋಬರ್ ೨೦೨೪

ಆಮ್ರಪಾಲಿ,

ಮೇಲಿನ ಊರಿನ ಹೆಸರು ನೋಡಿಯೇ ನಿನಗೆ ತಿಳಿದಿರಬೇಕು. ತವರಿಗೆ ಬಂದಿದ್ದೇನೆ. ಶಾಲೆಗೆ ದಸರೆ ರಜೆ, ಜನರ ಬಾಯಿಗೆ ಆ ಕಾರಣ ಸಾಕು.

ನಿನ್ನ ಕಾಗದ ಓದಿದ ಮೇಲೆ ಬ್ಯಾಗು ತುಂಬಿ ಇಟ್ಟಿದ್ದೆ. ಸತೀಶನನ್ನು ಎದುರು ನಿಲ್ಲಿಸಿ, ಅವಳ ಹೆಸರು ಹೇಳು ಎಂದು ಕೇಳಿ, ಹೊರಟುಬಿಡುವುದು ಎಂದು ತೀರ್ಮಾನಿಸಿದ್ದೆ. ಹೋದ ಭಾನುವಾರ ಮಧ್ಯಾಹ್ನ, ಬಾಯಿ ತೆರೆಯಬೇಕು ಎನ್ನುವಾಗ ಪಕ್ಕದ ಮನೆಯ ಸಕೀನಾ ಚಾಚಿ ಬಂದು ಟಿವಿ ಮುಂದೆ ಕೂತರು. ಟಿವಿಯಲ್ಲಿ ಆಂಬೋಲಿಯ ಜಲಪಾತ ತೋರಿಸುತ್ತಿದ್ದರು.

"ಎಷ್ಟ ಚಂದ ಕಾಣಾಕತ್ತೈತಿ ನೋಡ್ರಿ ಮುರಿಗೆವ್ವಾ" ಎಂದರು ಚಾಚಿ.

ಅತ್ತೆ ಅವರೆಕಾಯಿ ಬಿಡಿಸುತ್ತಿದ್ದವರು ತಲೆ ಎತ್ತಿದರು. "ಟಿವ್ಯಾಗ ಏನ ಕಾಣ್ತೈತಿ ತಗೊ. ಎದರಿಗೆ ನಿಂದ್ರಬೇಕ. ಹನಿ ಬಂದು ಮಾರಿಗೆ ಬಡಿತಾವು, ಕಣ್ಣ ತಗಿಯಾಕ ಬರೂದಿಲ್ಲ. ಮಂಗ್ಯಾಗೋಳಂತೂ ಕೈಯಾಗಿನ ಸುಟ್ಟ ಗೊಂಜಾಳ ತೆನಿ ಕಸಗೊಂಡ ಹೊಕ್ಕಾವು!"

ಹೇಳುವಾಗ ಅವರ ಮುಖ ಸಣ್ಣ ಹುಡುಗಿಯ ಮುಖದಂತೆ ಆಗಿತ್ತು. ಆಮೇಲೆ ತಾವು ಏನು ಹೇಳಿದೆವು ಎನ್ನುವುದು ಅವರಿಗೇ ಕೇಳಿಸಿತು. ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ಸತೀಶ ಚಹಾದ ಬಟ್ಟಲು ಕೆಳಗಿಟ್ಟ.

"ಇದನ್ನೂ ಪುರಾಣದಾಗ ಹೇಳಿದ್ರೇನ್ರಿ ಅತ್ತಿ?" ಎಂದೆ.

ಚಾಚಿ ಒಬ್ಬರೇ ಟಿವಿ ನೋಡುತ್ತಿದ್ದರು. ನಾನು ಒಳಗೆ ಹೋಗಿ ಬ್ಯಾಗು ತಂದೆ, ಬಸ್ಸು ಹತ್ತಿದೆ.

ಆಮ್ರಪಾಲಿ, ಹಿಂದಿನ ಸೀಟಿನಲ್ಲಿ ಕೂತಿದ್ದವರು ಅತ್ತೆ. ರೇನ್‌ಕೋಟು ಅವರದು. ಫೋಟೊದಲ್ಲಿ ಅಡ್ಡ ಬಂದ ಬೆರಳು ಅವರದು. ಗುಡ್ಡದ ಚಳಿಗೆ ಹಿಡಿದ ನೆಗಡಿಗೆ ನಾನು ಜೈನಾಪುರದ ಧೂಳನ್ನು ಬೈಯುತ್ತ ಕಷಾಯ ಕಾಸಿದೆ. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಬೇರೆ ಹೆಂಗಸಾಗಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಅತ್ತು, ಕೂಗಾಡಿ, ನಾಲ್ಕು ಜನರನ್ನು ಕೂಡಿಸಿದರೆ ನಾಲ್ವರೂ ನನ್ನ ಪರ ನಿಲ್ಲುತ್ತಿದ್ದರು. ಈಗ ಏನೆಂದು ಹೇಳಲಿ? ನನ್ನ ಗಂಡ ತನ್ನ ತಾಯಿಯನ್ನು ಗುಡ್ಡಕ್ಕೆ ಕರೆದುಕೊಂಡು ಹೋದ ಎಂದರೆ ಜನ ಅವನಿಗೆ ಹಾರ ಹಾಕುತ್ತಾರೆ. ನಮ್ಮಪ್ಪ ಬಸಗೊಂಡಪ್ಪನೇ, "ಅವ್ವನ್ನ ಕರ್ಕೊಂಡ ಹೋಗ್ಯಾನ, ಅದರಾಗೇನ ತಪ್ಪೈತಿ ಬೇ? ಅಂಥಾ ಮಗಾ ಯಾರಿಗೆ ಸಿಗ್ತಾನ?" ಎಂದು ಅಳಿಯನನ್ನು ಹೊಗಳುತ್ತ ಕೂತಿದ್ದಾನೆ.

ಆದರೆ ನನ್ನನ್ನು ಬೇಡ ಎಂದವರು ಅವರೇ. ನೆಲ ನೋಡಿದವನು ಅವನೇ. ಇಬ್ಬರೂ ಸೇರಿ ನನ್ನ ಸೀಟಿನಲ್ಲಿ ಹೋಗಿಬಂದು, ಇಬ್ಬರೂ ಸೇರಿ ಒಂದೂವರೆ ತಿಂಗಳು ನನಗೆ ಸುಳ್ಳು ಹೇಳಿದರು. ಆ ಮನೆಯಲ್ಲಿ ನಾನು ಒಬ್ಬಳೇ ಹೊರಗಿನವಳು ಎಂದಾಯಿತು. ಕೋಣೆಯನ್ನು ಬೇರೆ ಯಾರಿಗೂ ಕೊಡಬೇಡ. ರಜೆ ಮುಗಿಯುವುದರೊಳಗೆ ತಿಳಿಸುತ್ತೇನೆ.

ಕಾವ್ಯಾ


ತಿಕೋಟಾ
೧೪ ಅಕ್ಟೋಬರ್ ೨೦೨೪

ಪ್ರೀತಿಯ ಕಾವ್ಯಾ,

ಫೋನ್ ಎತ್ತುತ್ತಿಲ್ಲ. ನೀನು ಕಾಗದವನ್ನಾದರೂ ಓದುತ್ತೀ ಎಂದು ಆಮ್ರಪಾಲಿ ಹೇಳಿದಳು. ನನಗೆ ಬರೆದು ರೂಢಿಯಿಲ್ಲ, ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಬೇಡ.

ಅವ್ವ ಆಣೆ ಹಾಕಿಸಿದ್ದಳು. "ಅಕಿಗೆ ಗೊತ್ತಾದ್ರ ನಾ ಆ ಮನ್ಯಾಗ ತಲಿ ಎತ್ತಿ ತಿರಗೂದ ಹೆಂಗ?" ಎಂದಳು. ನಾನು ಏನು ಮಾಡಲಿ? ಆ ಕಡೆ ಅವಳು, ಈ ಕಡೆ ನೀನು. ಅವಳು ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ನಿಂತಿದ್ದಳು, ಅಲ್ಲಿಂದ ಹತ್ತಿಸಿಕೊಂಡೆ. ಇದು ಮೋಸ ಎಂದು ನೀನು ಅನ್ನಬಹುದು. ನಿನಗೆ ನೋವು ಮಾಡುವ ಉದ್ದೇಶ ನನಗೆ ಇರಲಿಲ್ಲ.

ದೇವರಾಣೆ, ಪ್ರತಿಯೊಂದು ತಿರುವಿನಲ್ಲೂ ನಿನ್ನದೇ ನೆನಪು. ಕಾವ್ಯಾ ಇರಬೇಕಿತ್ತು, ಕಾವ್ಯಾ ಇರಬೇಕಿತ್ತು ಎಂದು ಅವ್ವನೂ ನಾನೂ ದಾರಿಯುದ್ದಕ್ಕೂ ಮಾತಾಡಿಕೊಂಡೆವು.

ಗಾಡಿ ಸರ್ವಿಸ್ ಮಾಡಿಸಿ ಇಟ್ಟಿದ್ದೇನೆ. ತೋಟದಲ್ಲಿ ಬಳ್ಳಿ ಕತ್ತರಿಸುವ ಚಾಟಣಿ ಮುಗಿದ ಕೂಡಲೇ ಹೊರಡೋಣ. ಅದೇ ದಾರಿ, ಅದೇ ಹೋಟೆಲು, ಬೇಕಾದರೆ ಅದೇ ಕೋಣೆ. ಬೇಗ ಬಾ. ಮನೆ ಬಿಕೋ ಎನ್ನುತ್ತಿದೆ.

ನಿನ್ನವನೇ ಆದ,
ಸತೀಶ


ಬಬಲೇಶ್ವರ
೧೮ ಅಕ್ಟೋಬರ್ ೨೦೨೪

ಅತ್ತೆಯವರಿಗೆ ಕಾವ್ಯಾಳ ನಮಸ್ಕಾರಗಳು.

ನಿಮ್ಮ ಮಗನ ಕಾಗದ ಬಂತು. ಅದರಲ್ಲಿ ಎಷ್ಟು ನಿಜ ಎಂದು ನನಗೆ ತಿಳಿಯುತ್ತಿಲ್ಲ. ಮೊದಲು ಅವನು ಹೇಳಿದ್ದನ್ನು ನಂಬಿ ಮಲಗುತ್ತಿದ್ದೆ. ಈಗ ಅವನು "ಊಟ ಆಯಿತು" ಎಂದರೂ ತಾಟು ನೋಡಬೇಕು ಎನಿಸುತ್ತದೆ. ಹೀಗೆ ಬದುಕುವುದು ನನ್ನಿಂದ ಆಗದು. ವಿಜಯಪುರದಲ್ಲಿ ಒಂದು ಕೋಣೆ ನೋಡಿದ್ದೇನೆ, ಕೆಲಸವೂ ಸಿಗುತ್ತದೆ.

ಹೊರಡುವ ಮುಂಚೆ ನಿಮ್ಮನ್ನು ಒಂದೇ ಮಾತು ಕೇಳುತ್ತೇನೆ. ಗುಡ್ಡದಲ್ಲಿದ್ದಾಗ ಒಮ್ಮೆಯಾದರೂ ನಾನು ನಿಮಗೆ ನೆನಪಾದೆನೇ? ಅವಳೂ ಬಂದಿದ್ದರೆ ಎಂದು ಒಮ್ಮೆಯಾದರೂ ಅನಿಸಿತೇ? ನಿಮ್ಮ ಮಗ ಇದಕ್ಕೆ ಉತ್ತರ ಬರೆದಿದ್ದಾನೆ. ನನಗೆ ನಿಮ್ಮದು ಬೇಕು. ಅವನಿಂದ ಬರೆಸಬೇಡಿ. ಅಕ್ಷರ ಹೇಗಿದ್ದರೂ ಓದುತ್ತೇನೆ, ದಿನವೂ ಮಕ್ಕಳದ್ದು ಓದುವವಳು ನಾನು.

ನಿಮ್ಮ ಸೊಸೆ,
ಕಾವ್ಯಾ


ತಿಕೋಟಾ
೨೫ ಅಕ್ಟೋಬರ್ ೨೦೨೪

ಕಾವ್ಯಾಗ ಮುರಿಗೆವ್ವ ಬರದದ್ದು.

ನಾ ನಾಕನೆತ್ತಾ ತನಕಾ ಸಾಲಿ ಕಲ್ತಾಕಿ. ಮಾತಾಡಿದಂಗ ಬರೀತೇನಿ, ಹಂಗ ಓದಿಕೋ.

ನಿನಗ ಬ್ಯಾಡ ಅಂದಾಗ ನನ್ನ ಮನಸಿನ್ಯಾಗ ಏನೂ ಕಪಟ ಇರಲಿಲ್ಲ. ನಮ್ಮ ಅತ್ತಿ ನನಗ ಅಂದದ್ದನ್ನ ನಾ ನಿನಗ ಅಂದೆ. ಆಮ್ಯಾಲ ಸತೀಶ ದಿನಾ ಸಂಜಿಮುಂದ ಫೋನ ಹಿಡಕೊಂಡು ಆ ಊರಿನ ಹೆಸರ ಹೇಳಾಂವ. ಗಗನಬಾವಡಾ, ಗಗನಬಾವಡಾ ಅಂತ. ಒಂದಿನಾ ನನ್ನ ಬಾಯಾಗಿಂದ ಬಂದಬಿಡ್ತು, ಅಲ್ಲೆ ಮುಗಿಲ ಕೈಗೆ ಸಿಗ್ತೈತೇನೋ ಅಂತ. "ಬರ್ತಿಯೇನ ಬೇ?" ಅಂದ. ನಾ ಹೂಂ ಅಂದೆ. ಹೂಂ ಅಂದ ಮ್ಯಾಲ ನಿನ್ನ ಮಾರಿ ನೆನಪಾಗಿ ನಾಚಿಕಿ ಬಂತು. ಹಂಗಂತ ಬ್ಯಾಡ ಅನ್ನಾಕ ಆಗಲಿಲ್ಲ. ನನಗ ಅರವತ್ತೆರಡಾತು, ಹುಟ್ಟಿ ಇಲ್ಲೀತನಕಾ ಯಾರೂ ನನ್ನ "ಬರ್ತಿಯೇನ" ಅಂತ ಕೇಳಿರಲಿಲ್ಲ. "ನಡಿ" ಅಂದಿದ್ರು ಅಷ್ಟ.

ಮಿರಜತನಕಾ ಒಂದ ಕಡೆ ಕಾಲ ಬಿಟ್ಟ ಕುಂತಿದ್ದೆ. ಬೆನ್ನ ನೋಯಾಕ ಹತ್ತಿತು. ಮುಂದ ಯಾರೂ ನಮ್ಮವರು ಇಲ್ಲ ಅಂತ ಸೀರಿ ಎತ್ತಿ ಸಿಕ್ಕಿಸಿ ಗಂಡಸರಂಗ ಕುಂತೆ. ಏನ ಸುಖ ಅಂತಿ! ರಾಧಾನಗರಿ ದಾಟಿದ ಮ್ಯಾಲ ಮಳಿ ಹಿಡೀತು. ನಮ್ಮ ಕಡೆ ಮಳಿ ಬಂದ್ರ ಮಂದಿ ಹೊರಗ ಬಂದ ನೋಡ್ತಾರ. ಅಲ್ಲೆ ಯಾರೂ ತಲಿ ಸೈತ ಎತ್ತೂದಿಲ್ಲ. ಚಾದ ಅಂಗಡಿ ಕಂಡಲ್ಲೆಲ್ಲಾ ನಿಂತಿವಿ. ಏನೂ ಅವಸರ ಇರಲಿಲ್ಲ. ಒಂದ ಕಟ್ಟೀ ಮ್ಯಾಲ ಕುಂತು ಮಂಜ ಸರಿಯೂತನಕಾ ಸುಮ್ಮನ ನೋಡಿವಿ. ಸರದ ಮ್ಯಾಲ ಕೆಳಗ ಇಷ್ಟಿಷ್ಟ ಮನಿ, ಹಸರ ಗದ್ದಿ. ಮತ್ತ ಮಂಜ ಮುಚ್ಚತು.

ಗಗನಬಾವಡಾದಾಗ ಕಿಡಕಿ ತಗದ್ರ ಮುಗಿಲ ಒಳಗ ಬಂದು ಹಾಸಗಿ ಒದ್ದಿ ಮಾಡ್ತು. ಎರಡನೇ ದಿನಾನ ನೀ ಕೊಟ್ಟ ರೊಟ್ಟಿ ಮೆತ್ತಗಾದುವು. ಹೋಟೆಲ್ಲಿನಾಕಿ ಒಲಿ ಕೇಳಿ ಸುತ್ತ ನಿಲ್ಲಿಸಿದೆ. ಆಕೀದು ಮರಾಠಿ, ನಂದ ಕನ್ನಡ. ಇಬ್ಬರೂ ಏನ ಮಾತಾಡಿದಿವೋ ಗೊತ್ತಿಲ್ಲ, ಹೊಟ್ಟಿ ಹಿಡಕೊಂಡ ನಕ್ಕಿವಿ. ನೀ ಯಾರ ಅವ್ವ, ಯಾರ ಅತ್ತಿ ಅಂತ ಆಕಿ ಕೇಳಲಿಲ್ಲ.

ಈಗ ನೀ ಕೇಳಿದ್ದಕ್ಕ ಬರ್ತೇನಿ. ನಾ ನೆನಪಾದ್ನೇನ ಅಂತ ಕೇಳಿದಿ. ಹೂಂ ಅಂತ ಬರದ್ರ ನೀ ಬರತಿ ಅಂತ ಸತೀಶ ಅಂದ. ನಾನೂ ಹಂಗ ಬರಿಯಾಕ ಕುಂತಿದ್ದೆ. ಕೈ ಬರಲಿಲ್ಲ.

ಇಲ್ಲವ್ವಾ. ಒಮ್ಮೆನೂ ನೀ ನೆನಪಾಗಲಿಲ್ಲ. ನೀ ಅಷ್ಟ ಅಲ್ಲ, ಮನಿ ನೆನಪಾಗಲಿಲ್ಲ, ಎಮ್ಮಿ ನೆನಪಾಗಲಿಲ್ಲ, ತೀರಿಕೊಂಡ ನಿಮ್ಮ ಮಾವನೂ ನೆನಪಾಗಲಿಲ್ಲ. ಮದಲ ನೀ ನೆನಪಾದದ್ದು ವಾಪಸ ಬರೂವಾಗ, ಅಥಣಿ ದಾಟಿದ ಮ್ಯಾಲ. ಅದೂ ಪಾಪ ಅನಿಸಿ ನೆನಪಾಗಿದ್ದಲ್ಲ. ಸಿಕ್ಕ ಬೀಳ್ತೇನಿ ಅಂತ ನೆನಪಾಗಿದ್ದು.

ಇದ ಖರೆ. ಬರೂದು ಬಿಡೂದು ನಿನ್ನ ಕೈಯಾಗೈತಿ. ಬರದಿದ್ರೂ ನಾ ನಿನ್ನ ಮ್ಯಾಲ ಸಿಟ್ಟ ಮಾಡೂದಿಲ್ಲ.

ಮುರಿಗೆವ್ವ


ತಿಕೋಟಾ
೧೦ ನವೆಂಬರ್ ೨೦೨೪

ಆಮ್ರಪಾಲಿ,

ಮಾಳಿಗೆಯ ಕೋಣೆಯನ್ನು ಬೇರೆಯವರಿಗೆ ಕೊಡು. ರಜೆ ಮುಗಿದ ಮೇಲೆ ತಿಳಿಸುತ್ತಿದ್ದೇನೆ, ಆ ಶಾಲೆಯವರಿಗೂ ಕ್ಷಮಿಸಿ ಎಂದು ಹೇಳು. ನೀನು ಬೈಯುವ ಮೊದಲು ಕಾರಣ ಕೇಳು.

ಅತ್ತೆಯ ಕಾಗದ ಓದಿ ಮೊದಲು ಅಳು ಬಂತು. ಆಮೇಲೆ ನಗು ಬಂತು. ಎಷ್ಟು ನಕ್ಕೆನೆಂದರೆ ಅಪ್ಪ ಬಾಗಿಲಲ್ಲಿ ಬಂದು ನಿಂತು, "ಏನಾತ ಬೇ, ಆರಾಮ ಅದಿಯಿಲ್ಲೋ?" ಎಂದ. "ಪ್ರತಿ ತಿರುವಿನಲ್ಲೂ ನೀನೇ ನೆನಪಾದೆ" ಎಂದು ಬರೆಯುವುದು ಅವರಿಗೂ ಕಷ್ಟವಿರಲಿಲ್ಲ, ಮಗ ಪಕ್ಕದಲ್ಲೇ ಕೂತು ಹೇಳಿಕೊಟ್ಟಿದ್ದ. ಹಾಗೆ ಬರೆದಿದ್ದರೆ ನಾನು ಇವತ್ತು ನಿಮ್ಮ ಮಾಳಿಗೆಯ ಮೇಲೆ ರೈಲಿನ ಸದ್ದು ಕೇಳುತ್ತ ಇರುತ್ತಿದ್ದೆ. ನೆನಪಾಗಲಿಲ್ಲ ಎಂದರು, ನಾನು ಬಸ್ಸು ಹತ್ತಿದೆ. ಆಗಸ್ಟಿನಿಂದ ಈಚೆಗೆ ಆ ಮನೆಯವರು ನನಗೆ ಹೇಳಿದ ಮೊದಲ ನಿಜ ಅದು. ಅದರ ಮೇಲೆ ಕಾಲೂರಿ ನಿಲ್ಲಬಹುದು ಎನಿಸಿತು.

ಬಾಗಿಲು ತೆರೆದವರು ಅವರೇ. ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡು ಒಳಗೆ ಇಟ್ಟರು.

ಸತೀಶನ ವಿಷಯ ಬೇರೆ. ಅವನು ವಿಜಯಪುರಕ್ಕೆ ಹೋಗಿ ಬರುತ್ತೇನೆ ಎಂದರೆ ನಾನು ಇನ್ನೂ ಗಡಿಯಾರ ನೋಡುತ್ತೇನೆ. ಅದು ಅವನಿಗೆ ಗೊತ್ತಿದೆ, ಬಂದ ಕೂಡಲೇ ಎಲ್ಲಿ ಎಷ್ಟು ಹೊತ್ತು ನಿಂತೆ ಎಂದು ತಾನೇ ಹೇಳುತ್ತಾನೆ. ಸಿಟ್ಟು ಹೋಯಿತೇ ಎಂದು ದಿನಾ ಕೇಳುತ್ತಾನೆ. ಇನ್ನೂ ಇಲ್ಲ ಎನ್ನುತ್ತೇನೆ. ಅದೂ ನಿಜವೇ. ಅದೇ ದಾರಿ, ಅದೇ ಹೋಟೆಲು, ಅದೇ ಕೋಣೆ ಎಂದು ಈಗಲೂ ಕರೆಯುತ್ತಾನೆ. ಬೇರೆಯವರು ಉಟ್ಟು ಬಿಟ್ಟ ಸೀರೆಯನ್ನು ಇಸ್ತ್ರಿ ಮಾಡಿ ಕೊಟ್ಟಂತೆ. ನನಗೆ ಬೇಡ.

ಡಿಸೆಂಬರಿನಲ್ಲಿ ಒಂದು ವಾರ ರಜೆ ಹಾಕು. ನಿನ್ನ ಸ್ಕೂಟಿ ಒಂದು, ನನ್ನದು ಒಂದು. ಗುಡ್ಡವನ್ನು ಎಲ್ಲಿಯವರೆಗೆ ಹತ್ತುತ್ತವೆಯೋ ಅಲ್ಲಿಯವರೆಗೆ. ಆಗ ಜಲಪಾತದಲ್ಲಿ ನೀರು ಇರುವುದಿಲ್ಲವಂತೆ, ಇಲ್ಲದಿದ್ದರೆ ಇಲ್ಲ. ಮನೆಗೆ ದಿನಾ ಫೋನ್ ಮಾಡೋಣ ಎಂದು ಮಾತ್ರ ಹೇಳಬೇಡ.

ಅತ್ತೆಗೆ ನಿನ್ನೆ ತಿಳಿಸಿದೆ. ಜೋಳ ಹಸನು ಮಾಡುತ್ತಿದ್ದರು. ಕೈ ನಿಲ್ಲಿಸದೆ ಕೇಳಿಸಿಕೊಂಡು ಹೇಳಿದರು, "ಹೋಗಿ ಬಾ. ಅಲ್ಲೆ ಹೋದ ಮ್ಯಾಲ ನನ್ನ ನೆನಸಬ್ಯಾಡ."

"ನೆನಸೂದಿಲ್ರಿ ಅತ್ತಿ" ಎಂದೆ.

ನಿನ್ನ,
ಕಾವ್ಯಾ